ಹುಳುಕು ಹಲ್ಲಿನ ಹುಳು

ಹಗಲೆಲ್ಲ ಹೇಗೋ ಸಹಿಸಿಕೊಂಡ ಹಲ್ಲುನೋವು, ದೀಪವಾರಿಸಿ ದಿಂಬಿಗೆ ಕೆನ್ನೆಯಿಟ್ಟೊಡನೆ ಇಮ್ಮಡಿಯಾಗಿ ಮಿಡಿಯತೊಡಗುವುದನ್ನು ಅನುಭವಿಸದವರು ವಿರಳ. ಒಳಗೆ ಯಾವುದೋ ಜೀವಿ ಕುಳಿತು ಕೊರೆಯುತ್ತಿದೆಯೆಂದು ಪೂರ್ವಿಕರು ನಂಬಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆಟ್ಟ ಹಲ್ಲನ್ನು ನಾವು ಇಂದಿಗೂ ಹುಳುಕು ಹಲ್ಲೆಂದೇ ಕರೆಯುತ್ತೇವಷ್ಟೆ. ಆ ಹುಳು ನಮ್ಮ ಮಾತಿನಲ್ಲಿ ಇನ್ನೂ ಬದುಕಿದೆ.

ಈ ನಂಬಿಕೆ ನಮ್ಮೊಬ್ಬರದೇ ಅಲ್ಲ. ಬ್ಯಾಬಿಲೋನಿನ ಮಣ್ಣಿನ ಫಲಕವೊಂದರಲ್ಲಿ, ಹುಳುವು ದೇವತೆಗಳೆದುರಿಗೆ ಅತ್ತು, ಅವರು ಕೊಟ್ಟ ಅಂಜೂರದ ಹಣ್ಣನ್ನೊಲ್ಲದೆ, ಹಲ್ಲು ವಸಡುಗಳ ನಡುವೆ ಮನೆಯನ್ನು ಬೇಡಿದ ಕಥೆಯಿದೆ. ಸುಶ್ರುತಸಂಹಿತೆಯು ಇದೇ ರೋಗವನ್ನು ಕ್ರಿಮಿದಂತಕವೆಂದು ಹೆಸರಿಸಿ, ಕಪ್ಪಾದ ತೂತು, ಅಲುಗಾಟ, ಸ್ರಾವ, ಊತ, ನಿಮಿತ್ತವಿಲ್ಲದೆ ಏಳುವ ತೀವ್ರವೇದನೆ ಎಂದು ಲಕ್ಷಣಗಳನ್ನು ಹೇಳುತ್ತದೆ. ಕ್ರಿಮಿಯ ಮಾತು ಹಾಗಿರಲಿ, ಈ ಲಕ್ಷಣಗಳನ್ನು ಇಂದಿನ ದಂತವೈದ್ಯನೂ ಒಪ್ಪುವನು.

ಚಿಕಿತ್ಸೆಯೆಂದರೆ ಹೊಗೆ. ಯೂರೋಪಿನಲ್ಲಿ ಹೆನ್‌ಬೇನ್ ಎಂಬ ಮಾದಕ ಗಿಡದ ಬೀಜವನ್ನೂ ನಮ್ಮಲ್ಲಿ ನೆಲಗುಳ್ಳದ ಬೀಜವನ್ನೂ ಕೆಂಡದ ಮೇಲೆ ಹಾಕಿ, ಹೊಗೆಯನ್ನು ನೋಯುವ ಹಲ್ಲಿಗೆ ಹಿಡಿಯುತ್ತಿದ್ದರು. ಬಳಿಕ ನೀರಿನಲ್ಲಿ ಬಿಳಿಯ ಹುಳುಗಳು ಕಾಣುತ್ತಿದ್ದುವು! ಅವು ಹೆನ್‌ಬೇನಿನ ಬೀಜ ಬಿಸಿಗೆ ಸಿಡಿದು ಹೊರಬಿದ್ದ ಮೊಳಕೆಯ ಎಳೆಗಳು. ಕಂಡವರು ಮಾತ್ರ ಕಣ್ಣಾರೆ ಹುಳುವನ್ನು ಕಂಡೆವೆಂದೇ ಸಾಧಿಸಿದರು.

1728ರಲ್ಲಿ ಪ್ಯಾರಿಸಿನ ಪಿಯೆರ್ ಫೋಶಾರ್ ತನ್ನ ಮಹಾಗ್ರಂಥದಲ್ಲಿ, ಅಂಥ ಹುಳುವನ್ನು ತಾನು ಕಂಡಿಲ್ಲವೆಂದು ಬರೆದನು. 1890ರಲ್ಲಿ ಬರ್ಲಿನ್ನಿನಲ್ಲಿದ್ದ ಅಮೆರಿಕದ ಮಿಲ್ಲರನು, ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆ ಹಿಟ್ಟುಗಳಿಂದ ಆಮ್ಲವನ್ನುಂಟುಮಾಡಿ ಹಲ್ಲನ್ನು ಕರಗಿಸುವುವೆಂದು ವಿವರಿಸಿದನು.

ಹಾಗಾದರೆ ಹುಳುವಿನ ನಂಬಿಕೆ ಇಷ್ಟು ಕಾಲ ಹೇಗೆ ಬಾಳಿತು? ನೋವು ತಾನಾಗಿ ನಿಲ್ಲುವುದುಂಟಾದ್ದರಿಂದ. ಕೊಳೆತವು ಹಲ್ಲಿನ ತಿರುಳನ್ನು ಮುಟ್ಟಿದಾಗ, ಗಟ್ಟಿ ಗೋಡೆಯೊಳಗೆ ಹಿಗ್ಗಲೆಡೆಯಿಲ್ಲದ ಊತವು ಪ್ರಾಣ ಹಿಂಡುತ್ತದೆ. ಕ್ರಮೇಣ ತಿರುಳೂ ಅದರ ನರವೂ ಸತ್ತರೆ ನೋವು ಥಟ್ಟನೆ ಅಡಗುತ್ತದೆ. ಹೊಗೆ ಹಾಕಿದವನಿಗೆ ಕೀರ್ತಿ. ರೋಗವಾದರೋ ಸದ್ದಿಲ್ಲದೆ ಬೇರಿನ ತುದಿಗಿಳಿದು ಕೀವಾಗುತ್ತದೆ. ನಾವೂ ಇಂದು ಗುಳಿಗೆ ನುಂಗಿ ಇದೇ ಮೋಸಕ್ಕೆ ಒಳಗಾಗುತ್ತೇವೆ.

ಇಕ್ಕಳದ ಭಯವೂ ಸಣ್ಣದಲ್ಲ. ಆ ಭಯವನ್ನು ನೀಗಲೆಂದೇ 1844ರಲ್ಲಿ ಹಾರ್ಟ್‌ಫರ್ಡಿನ ದಂತವೈದ್ಯ ಹೊರೇಸ್ ವೆಲ್ಸ್, ನಗೆಯನಿಲವನ್ನು ಸೇದಿ ತನ್ನ ಹಲ್ಲನ್ನೇ ಕೀಳಿಸಿಕೊಂಡನು. ಮರುವರ್ಷ ಬಾಸ್ಟನ್ನಿನ ಪ್ರದರ್ಶನದಲ್ಲಿ ರೋಗಿ ಕೂಗಿಕೊಂಡುದರಿಂದ ಪಾಪ, ಆತ ನಗೆಪಾಟಲಾದನು. 1846ರ ಅಕ್ಟೋಬರ್ 16ರಂದು ಅದೇ ಊರಿನಲ್ಲಿ ಈಥರಿನಿಂದ ಗೆದ್ದ ಮಾರ್ಟನನೂ ದಂತವೈದ್ಯನೇ. ಇಂದು ವಸಡಿಗೊಂದು ಚುಚ್ಚುಮದ್ದು ಸಾಕು; ಎಷ್ಟೋ ವೇಳೆ ಕೆಟ್ಟ ತಿರುಳನ್ನಷ್ಟೇ ತೆಗೆದು ಹಲ್ಲನ್ನು ಉಳಿಸುತ್ತಾರೆ.

ಅಜ್ಜಿಯ ಲವಂಗವನ್ನು ನಾವು ಹಳಿಯುವುದಿಲ್ಲ. ಅದರಲ್ಲಿರುವ ಯೂಜಿನಾಲ್ ನಿಜವಾಗಿಯೂ ನರವನ್ನು ಮರಗಟ್ಟಿಸುತ್ತದೆ. ಉಪ್ಪುಬೆರೆತ ಬೆಚ್ಚನೆಯ ನೀರೂ ಹಿತವೇ. ಆಸ್ಪಿರಿನ್ ಗುಳಿಗೆಯನ್ನು ಮಾತ್ರ ವಸಡಿಗೆ ಒತ್ತಿಡಬಾರದು, ಅದು ಸುಡುತ್ತದೆ. ಇವೆಲ್ಲ ಬೆಳಗಾಗುವವರೆಗಿನ ಉಪಾಯಗಳು. ನೋವು ಎರಡು ದಿನ ಮೀರಿದರೆ, ಅಥವಾ ತೀವ್ರವಾಗಿದ್ದು ತಾನೇ ನಿಂತರೂ, ದಂತವೈದ್ಯನಿಗೆ ತೋರಿಸಬೇಕು. ಕೆನ್ನೆ ಊದಿ ಜ್ವರ ಬಂದರೆ ಅಂದೇ ಹೋಗಬೇಕು. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ, ನಡುರಾತ್ರಿಯಾದರೂ ಸರಿ.