ಜಿಐ ಶೀಟ್‌ಗೆ ತುಕ್ಕು ಬೇಗ ಹಿಡಿಯುವುದೇಕೆ? ಸತುವಿನ ಲೇಪನದೊಳಗೆ ಏನಿದೆ, ತಿಳಿಯಿರಿ

ಚಾವಣಿಗೆ ಹೊದಿಸಿದ ಎರಡು ಜಿಐ ಶೀಟ್‌ಗಳು ಹೊಸದರಲ್ಲಿ ಒಂದೇ ರೀತಿ ಹೊಳೆಯುತ್ತವೆ. ಆದರೆ ಮುಂಬೈ, ಚೆನ್ನೈನಂಥ ಕಡಲ ತೀರದ ನಗರಗಳಲ್ಲಿ ಒಂದು ವರ್ಷಗಟ್ಟಲೆ ಬಾಳಿದರೆ, ಇನ್ನೊಂದು ಬೇಗ ಕೆಂಪಾಗುತ್ತದೆ. ವ್ಯತ್ಯಾಸ ಇರುವುದು ಕೂದಲೆಳೆಗಿಂತ ತೆಳುವಾದ ಸತುವಿನ (ಜಿಂಕ್) ಲೇಪನದಲ್ಲಿ.

ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಉಕ್ಕನ್ನು ಅದ್ದಿ ತೆಗೆಯುವುದೇ ಹಾಟ್ ಡಿಪ್ ಗ್ಯಾಲ್ವನೈಸಿಂಗ್. ಫ್ರಾನ್ಸ್‌ನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇದು ಬಣ್ಣದಂತೆ ಮೇಲೆ ಅಂಟಿಕೊಳ್ಳುವ ಲೇಪನವಲ್ಲ. ಟವರ್, ಕಂಬಗಳ ಉಕ್ಕನ್ನು ಅದ್ದಿದಾಗ ಕಬ್ಬಿಣ ಮತ್ತು ಸತು ಬೆರೆತು ಪದರಗಳಾಗುತ್ತವೆ. ಉಕ್ಕಿಗೆ ತಾಗಿದಂತೆ ಗಾಮಾ, ಅದರ ಮೇಲೆ ಸುಮಾರು ಶೇ.10ರಷ್ಟು ಕಬ್ಬಿಣವಿರುವ ಡೆಲ್ಟಾ, ನಂತರ ಶೇ.6ರಷ್ಟಿರುವ ಝೀಟಾ, ಹೊರಗೆ ಬಹುತೇಕ ಶುದ್ಧ ಸತುವಿನ ಈಟಾ. ಡೆಲ್ಟಾ ಪದರ ಉಕ್ಕಿಗಿಂತಲೂ ಗಟ್ಟಿ, ಈಟಾ ಮೃದು. ಹೀಗಾಗಿಯೇ ಸಣ್ಣಪುಟ್ಟ ಪೆಟ್ಟಿಗೆ ಲೇಪನ ಕಿತ್ತುಬರುವುದಿಲ್ಲ.

ಶೀಟ್‌ನ ಕಥೆ ಬೇರೆ. ಕಾರ್ಖಾನೆಯಲ್ಲಿ ಸತುವಿಗೆ ಚಿಟಿಕೆಯಷ್ಟು ಅಲ್ಯೂಮಿನಿಯಂ ಸೇರಿಸುತ್ತಾರೆ. ಅದು ಉಕ್ಕಿನ ಮೇಲೆ ಮೊದಲೇ ತೆಳು ಪೊರೆ ಕಟ್ಟಿ ಈ ಮಿಶ್ರಲೋಹದ ಪದರಗಳು ಬೆಳೆಯದಂತೆ ತಡೆಯುತ್ತದೆ. ಆದ್ದರಿಂದ ಶೀಟ್ ಬಗ್ಗಿಸಿದರೂ ಲೇಪನ ಬಿರಿಯುವುದಿಲ್ಲ.

ಇಷ್ಟೆಲ್ಲ ತಿಳಿಯುವುದು ಹೇಗೆ? ಚಿಕ್ಕ ತುಂಡನ್ನು ಅಡ್ಡಲಾಗಿ ಕತ್ತರಿಸಿ, ರೆಸಿನ್‌ನಲ್ಲಿ ಕೂರಿಸಿ, ಕನ್ನಡಿಯಂತೆ ಉಜ್ಜುತ್ತಾರೆ. ಆಲ್ಕೋಹಾಲ್ ಬೆರೆಸಿದ ದುರ್ಬಲ ನೈಟ್ರಿಕ್ ಆಮ್ಲ ಸವರಿದರೆ ಸೂಕ್ಷ್ಮದರ್ಶಕದಲ್ಲಿ ಪದರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಲೆಕ್ಟ್ರಾನ್ ಕಿರಣ ಬಿದ್ದಾಗ ಪ್ರತಿ ಧಾತುವೂ ತನ್ನದೇ ಎಕ್ಸ್-ರೇ ಹೊಮ್ಮಿಸುತ್ತದೆ. ಎಲ್ಲಿ ಎಷ್ಟು ಕಬ್ಬಿಣ, ಎಷ್ಟು ಸತು ಎಂಬ ಲೆಕ್ಕ ಅದರಿಂದ ಸಿಗುತ್ತದೆ.

ತಪ್ಪು ಹಿಡಿಯಲು ಈ ಪರೀಕ್ಷೆ ಬೇಕೇ ಬೇಕು. ಉದಾಹರಣೆಗೆ, ಉಕ್ಕಿನಲ್ಲಿ ಸಿಲಿಕಾನ್ ಸರಿಸುಮಾರು ಶೇ.0.04ರಿಂದ 0.15ರ ನಡುವೆ ಇದ್ದರೆ ಝೀಟಾ ಪದರ ಅತಿಯಾಗಿ ಬೆಳೆದು ಲೇಪನ ದಪ್ಪಗೆ, ಮಂಕು ಬೂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಸ್ಯಾಂಡೆಲಿನ್ ಪರಿಣಾಮ ಎನ್ನುತ್ತಾರೆ. ದಪ್ಪಗಿದೆ ಎಂದು ಖುಷಿಪಡುವಂತಿಲ್ಲ, ಅಂಥ ಲೇಪನ ಪೆಟ್ಟು ಬಿದ್ದರೆ ಚಕ್ಕೆ ಏಳಬಹುದು.

ಕೊಳ್ಳುವವರು ನೋಡಬೇಕಾದದ್ದು ಜಿಎಸ್‌ಎಂ ಸಂಖ್ಯೆ. 275 ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಶೀಟ್‌ನ ಎರಡೂ ಬದಿ ಸೇರಿ 275 ಗ್ರಾಂ ಸತು, ಅಂದರೆ ಪ್ರತಿ ಬದಿಗೆ ಸುಮಾರು 20 ಮೈಕ್ರಾನ್. 120 ಜಿಎಸ್‌ಎಂ ಆದರೆ 8 ಮೈಕ್ರಾನ್ ಚಿಲ್ಲರೆ ಅಷ್ಟೇ. ಲೇಪನದ ಆಯುಷ್ಯ ಹೆಚ್ಚುಕಡಿಮೆ ಈ ದಪ್ಪಕ್ಕೆ ತಕ್ಕಂತೆಯೇ ಇರುತ್ತದೆ. ಕಡಲ ಗಾಳಿಯ ಉಪ್ಪು ಸತುವನ್ನು ಇನ್ನಷ್ಟು ವೇಗವಾಗಿ ತಿನ್ನುತ್ತದೆ.

ಇನ್ನೊಂದು ವಿಷಯ, ಹೊಸ ಶೀಟ್‌ಗಳನ್ನು ಮಳೆಯಲ್ಲಿ ಒಂದರ ಮೇಲೊಂದು ಪೇರಿಸಿಡಬೇಡಿ. ನಡುವೆ ನೀರು ನಿಂತು ಗಾಳಿಯಾಡದಿದ್ದರೆ, ಚಾವಣಿ ಏರುವ ಮೊದಲೇ ಬಿಳಿ ತುಕ್ಕು ಹಿಡಿಯುತ್ತದೆ.