ತಡವಾಗಿ ತಲುಪಿದ ಕಾಗದ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಬಳಿ ಹಳೆಯ ಹಾಳೆಯೊಂದಿದೆ; ನೂರರಿಂದ ಏಳೇಳನ್ನು ಕಳೆಯುತ್ತ ಹೋದ ಲೆಕ್ಕ. ಮೊದಲ ಐದಾರು ಸಾಲು ಮುತ್ತು ಪೋಣಿಸಿದಂತಿವೆ. ಆಮೇಲೆ ಒಂದೇ ಅಂಕಿ ನಾಲ್ಕು ಸಲ ಬಂದಿದೆ. ಕೊನೆಗೆ ಬರಿಯ ಕೋಳಿ ಕೆದರಿದ ಗೀಟು. ಬೆಂಗಳೂರಿನಲ್ಲಿ 1957ರಲ್ಲಿ ಸ್ಥಾಪಿತವಾದ ವಾಯುಯಾನ ವೈದ್ಯಕೀಯ ಸಂಸ್ಥೆಯ ಉಕ್ಕಿನ ಕೋಣೆಯೊಂದರಲ್ಲಿ ಕುಳಿತು ಅವರೇ ಬರೆದದ್ದು. ಕೋಣೆಯೇನೋ ನೆಲದ ಮೇಲೆಯೇ ಇತ್ತು. ಒಳಗಿನ ಗಾಳಿ ಮಾತ್ರ 25,000 ಅಡಿ ಎತ್ತರದ್ದು.

“ಬರೆಯುವಾಗ ಹೇಗಿತ್ತು, ರಾಯರೇ?” ಎಂದು ಕೇಳಿದೆ.

“ಬಹಳ ಸುಖವಾಗಿತ್ತು, ಸ್ವಾಮಿ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಲೆಕ್ಕ ಮಾಡಿರಲಿಲ್ಲ ಅನ್ನಿಸಿತು!” ಎಂದರು.

ಈ ಸುಖದ ಕಥೆಯನ್ನೇ ನಾನು ಹೇಳಹೊರಟಿರುವುದು. ವಿಮಾನದ ರೆಕ್ಕೆಯನ್ನು ಪರೀಕ್ಷಿಸುವ ಗಾಳಿಸುರಂಗದ ವಿಷಯ ವಾಚಕರಲ್ಲಿ ಅನೇಕರು ಬಲ್ಲರು. ಮೇಲೆ ಹಾರುವ ಮನುಷ್ಯನನ್ನೇ ಕೂರಿಸಿ ಪರೀಕ್ಷಿಸುವ ಕೋಣೆ ಮಾತ್ರ ವಿಮಾನಕ್ಕಿಂತಲೂ ಹಳೆಯದು.

ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞ ಪಾಲ್ ಬೇರ್ ಇಂಥ ಕಬ್ಬಿಣದ ಕೋಣೆಗಳನ್ನು ಕಟ್ಟಿಸಿದವನು. ಮೆಕ್ಸಿಕೋದ ಎತ್ತರದ ಸೀಮೆಯಲ್ಲಿ ವೈದ್ಯನಾಗಿದ್ದ ಜೂರ್ದಾನೆ ಎಂಬಾತ ಹಣ ಒದಗಿಸಿದ. ಎತ್ತರಕ್ಕೆ ಹೋದವನು ಏಕೆ ಬಳಲುತ್ತಾನೆಂಬುದಕ್ಕೆ ಆಗ್ಗೆ ಹಲವು ಊಹೆಗಳಿದ್ದುವು. ಮೈಯನ್ನು ಒತ್ತುತ್ತಿದ್ದ ಗಾಳಿಯ ಭಾರ ತಗ್ಗಿದ್ದೇ ಕಾರಣವೆಂದು ಹೇಳುವವರು ಬಹಳ ಮಂದಿ. ಭಾರವಲ್ಲ, ಆಮ್ಲಜನಕದ ಅಭಾವವೇ ಕಾರಣವೆಂದು ಬೇರ್ ತೋರಿಸಿಕೊಟ್ಟ. ಗಾಳಿ ಸಾಕಷ್ಟು ತೆಳುವಾದರೂ, ಆಮ್ಲಜನಕವನ್ನು ಹೆಚ್ಚಿಸಿಕೊಟ್ಟರೆ ಪ್ರಾಣಿ ಲವಲವಿಕೆಯಿಂದಿರುತ್ತದೆ. ಭಾರವನ್ನು ಹಾಗೆಯೇ ಇಟ್ಟು ಆಮ್ಲಜನಕವನ್ನು ಕಡಮೆ ಮಾಡಿದರೆ ಅದೇ ಬಳಲಿಕೆ. ಗುಬ್ಬಿಗಳಿಂದ ಆರಂಭಿಸಿ ಕೊನೆಗೆ ತಾನೇ ಕೋಣೆಯೊಳಗೆ ಕುಳಿತ. ಒಮ್ಮೆ ಒಂದು ನಿಮಿಷದ ಮೂರನೆಯ ಒಂದು ಭಾಗ ನಾಡಿ ಎಣಿಸಿ, ಮೂರರಿಂದ ಗುಣಿಸಹೋದರೆ ಆಗಲಿಲ್ಲವಂತೆ. ಸೊರ್ಬಾನಿನ ಪ್ರಾಧ್ಯಾಪಕನಿಗೆ ಮೂರರ ಮಗ್ಗಿ ಕೈಕೊಟ್ಟಿತು!

1874ರ ಮಾರ್ಚಿಯಲ್ಲಿ ಇಬ್ಬರು ಸಾಹಸಿಗರು ಆ ಕೋಣೆಯನ್ನು ಹೊಕ್ಕರು. ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಎಂದು ಅವರ ಹೆಸರು. ಸೊರಗುತ್ತಿದ್ದವರು ಆಮ್ಲಜನಕ ಸೇದಿದೊಡನೆ ಚೇತರಿಸಿಕೊಂಡರು. ಅದೇ ತಿಂಗಳು ಬೆಲೂನಿನಲ್ಲಿ ಏರಿ, 7,300 ಮೀಟರು ಎತ್ತರದಿಂದ ಕ್ಷೇಮವಾಗಿ ಇಳಿದರು. ಮರುವರ್ಷ ಇನ್ನೂ ಮೇಲೆ ಹೋಗಬೇಕೆಂದು ‘ಜೆನಿತ್’ ಎಂಬ ಬೆಲೂನು ಸಿದ್ಧವಾಯಿತು. ಜೊತೆಗೆ ತಿಸ್ಸಾಂದಿಯೇ ಎಂಬ ಮೂರನೆಯವನು ಸೇರಿದ. ಆಮ್ಲಜನಕ ಬೆರೆಸಿದ ಗಾಳಿಯ ಮೂರು ಚೀಲಗಳನ್ನು ಬುಟ್ಟಿಯ ಮೇಲೆ ತೂಗಹಾಕಿದರು.

ಬೇರ್ ಆಗ ಪ್ಯಾರಿಸ್ಸಿನಲ್ಲಿರಲಿಲ್ಲ. ಸಿದ್ಧತೆಯ ವಿವರ ತಿಳಿದೊಡನೆ ಕಾಗದ ಬರೆದ: ಇದು ಏನೇನೂ ಸಾಲದು, ಆ ಎತ್ತರದಲ್ಲಿ ಮೂವರಿಗೂ ಸೇರಿ ನಿಮಿಷಕ್ಕೆ 20 ಲೀಟರಾದರೂ ಬೇಕು ಎಂದು. ಕಾಗದ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು.

1875ರ ಏಪ್ರಿಲ್ 15. ಇದ್ದ ಆಮ್ಲಜನಕ ಸ್ವಲ್ಪವೇ. ಆದ್ದರಿಂದ ತೀರ ಬೇಕಾದಾಗ ಸೇದಿದರಾಯಿತೆಂದು ಅವರು ಉಳಿಸಿಕೊಂಡರು. ಜಾಣತನವೆಂದೇ ನನಗೂ ಮೊದಲು ತೋರಿತು. ಆದರೆ ‘ಈಗ ಬೇಕು’ ಎಂದು ತಿಳಿಯಬೇಕಾದ ಬುದ್ಧಿಯೇ ಮೊದಲು ಮಂಕಾಗುವುದು. ಬೇರ್‌ನ ಕೋಣೆಯಲ್ಲಿ ಮನುಷ್ಯ ಮಂಕಾದರೆ ಗಾಜಿನಾಚೆ ನಿಂತು ನೋಡುವವನೊಬ್ಬನಿದ್ದ, ಬುಟ್ಟಿಯಲ್ಲಿ ಯಾರಿದ್ದರು? ನೋವಿರಲಿಲ್ಲ, ಒಳಗೊಳಗೇ ಒಂದು ಆನಂದ, ಅಪಾಯದ ನೆನಪೇ ಇಲ್ಲ ಎಂದು ತಿಸ್ಸಾಂದಿಯೇ ಆಮೇಲೆ ತಿಳಿಸಿದ್ದಾನೆ. ಇನ್ನೂ ಏರಲೆಂದು ಸಿವೆಲ್ ಮರಳಿನ ಚೀಲಗಳ ಹಗ್ಗ ಕೊಯ್ದ. ಆಮ್ಲಜನಕದ ನಳಿಗೆಗೆ ಕೈಚಾಚಬೇಕೆಂದರೆ ತಿಸ್ಸಾಂದಿಯೇಗೆ ತೋಳು ಏಳಲಿಲ್ಲ. 8,000 ಮೀಟರು ಮುಟ್ಟಿದೆವೆಂದು ಕೂಗಬೇಕೆಂದ, ನಾಲಗೆ ಹೊರಳಲಿಲ್ಲ. ಎಚ್ಚರ ತಪ್ಪಿತು. ನಡುವೆ ಕಣ್ಣು ಬಿಟ್ಟದ್ದುಂಟು. ಅಷ್ಟರಲ್ಲಿ ಕ್ರೋಸೆ-ಸ್ಪಿನೆಲ್ಲಿಯೂ ಎಚ್ಚೆತ್ತು ಭಾರವಾದ ಉಪಕರಣವನ್ನು ಹೊರಕ್ಕೆಸೆದ. ಬೆಲೂನು ಮತ್ತೆ ಮೇಲಕ್ಕೇರಿತು. ಎರಡನೆಯ ಸಲ ತಿಸ್ಸಾಂದಿಯೇ ಎದ್ದಾಗ ಜೊತೆಯವರಿಬ್ಬರೂ ಬುಟ್ಟಿಯಲ್ಲಿ ಮುದುರಿ ಸತ್ತಿದ್ದರು. ಮುಖ ಕಪ್ಪಾಗಿ, ಬಾಯಲ್ಲಿ ರಕ್ತ ತುಂಬಿತ್ತು. ಮುಚ್ಚಿಟ್ಟ ವಾಯುಭಾರಮಾಪಕಗಳು 8,600 ಮೀಟರಿನ ಸುಮಾರಿನ ಎತ್ತರವನ್ನು ತೋರಿಸಿದುವು. ಅಲ್ಲಿ ಒಂದು ಉಸಿರಿಗೆ ಸಿಕ್ಕುವ ಆಮ್ಲಜನಕ ನೆಲದ ಮೇಲಿನದರಲ್ಲಿ ಮೂರರಲ್ಲೊಂದು ಪಾಲು ಮಾತ್ರ.

ಪೇರ್ ಲಾಷೇಸ್ ಸ್ಮಶಾನದಲ್ಲಿ ಆ ಇಬ್ಬರ ಕಂಚಿನ ಪ್ರತಿಮೆಯಿದೆ. ಕೈ ಕೈ ಹಿಡಿದು ಮಲಗಿದ್ದಾರೆ. ಬೇರ್ ತನ್ನ ಪ್ರಯೋಗಗಳನ್ನೆಲ್ಲ 1878ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದ.

ಇದೆಲ್ಲ ಬೆಲೂನಿನ ಕಾಲದ ಮಾತು ಎನ್ನುವಂತಿಲ್ಲ. 2005ರ ಆಗಸ್ಟ್ 14ರಂದು ಸೈಪ್ರಸ್ಸಿನಿಂದ ಅಥೆನ್ಸಿಗೆ ಹೊರಟ ಬೋಯಿಂಗ್ 737 ಒಂದರಲ್ಲಿ, ಒಳಗಿನ ಗಾಳಿಯ ಒತ್ತಡವನ್ನು ಕಾಯುವ ಗುಂಡಿ ಇರಬೇಕಾದ ಸ್ಥಾನದಲ್ಲಿರಲಿಲ್ಲ. ಎಚ್ಚರಿಕೆಯ ಸದ್ದು ಕೇಳಿಸಿತು. ಚಾಲಕರು ಅದನ್ನು ಬೇರೆ ಯಾವುದೋ ದೋಷದ ಸದ್ದೆಂದು ತಿಳಿದರು. ಮುಖವಾಡಗಳು ಕೈಗೆಟುಕುವಷ್ಟು ದೂರದಲ್ಲೇ ಇದ್ದುವು. ಅದೇನೆಂದು ಚರ್ಚಿಸುತ್ತ ಚರ್ಚಿಸುತ್ತ ಅವರ ಮಾತು ನಿಂತುಹೋಯಿತು. ಇಂಧನ ತೀರುವವರೆಗೂ ವಿಮಾನ ತಾನಾಗಿಯೇ ಹಾರಿ, ಗುಡ್ಡಕ್ಕೆ ಬಡಿದು 121 ಮಂದಿ ಸತ್ತರು.

ಇದನ್ನು ರಾಯರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಕೋಣೆಯಿಂದ ನಿಮಗೆ ಸಿಕ್ಕಿದ್ದೇನು ಎಂದು ಕೇಳಿದ್ದಕ್ಕೆ ಎಡಗೈಯ ಕಿರುಬೆರಳನ್ನು ತೋರಿಸಿದರು. ಅವರಿಗೆ ಮೊದಲು ಜೋಮು ಹಿಡಿಯುವುದು ಅದೇ ಅಂತೆ. ಒಬ್ಬೊಬ್ಬರದು ಒಂದೊಂದು ಗುರುತು; ಕೆಲವರಿಗೆ ಬಣ್ಣಗಳು ಮಾಸುತ್ತವೆ, ಕೆಲವರಿಗೆ ಸುಮ್ಮಸುಮ್ಮನೆ ನಗು. ಹಾರುವಷ್ಟು ಕಾಲವೂ, ಬೆರಳು ಜೋಮೆನಿಸಿದರೆ ಮೊದಲು ಮುಖವಾಡ, ಯೋಚನೆ ಆಮೇಲೆ.

“ಈಗಲೂ ಮಾಗಿಯ ಬೆಳಿಗ್ಗೆ ಬೆರಳು ಮರಗಟ್ಟಿದರೆ ಕೈ ತಾನಾಗಿ ಮೂಗಿನ ಹತ್ತಿರ ಹೋಗುತ್ತದೆ. ನಮ್ಮ ಮನೆಯವಳು ನಗುತ್ತಾಳೆ” ಎಂದು ಹಾಳೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು.