ಲ್ಯಾಟೆಕ್ಸ್ ಹಾಸಿಗೆ: ಯಾರಿಗೆ ಸರಿ, ಯಾರಿಗೆ ಬೇಡ, ಕೊಳ್ಳುವ ಮೊದಲು ಏನು ನೋಡಬೇಕು

ಬಹುದಿನದ ಬೆನ್ನುನೋವು, ಮಂಡಿಯ ಆಪರೇಷನ್, ಪಾರ್ಶ್ವವಾಯು, ವಯಸ್ಸಾದವರ ಕೆಟ್ಟ ನಿದ್ದೆ. ಮನೆಯಲ್ಲಿ ಇಂಥದ್ದೇನಾದರೂ ಬಂದಾಗ ಹಾಸಿಗೆ ಬದಲಿಸುವ ಮಾತೂ ಬರುತ್ತದೆ. ಅಂಗಡಿಗೆ ಹೋದರೆ ಲ್ಯಾಟೆಕ್ಸ್ ಹಾಸಿಗೆ ತೋರಿಸಿ ನೋವು ಮಾಯವಾಗುತ್ತದೆ ಎನ್ನುತ್ತಾರೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಒಮ್ಮೆ ಕೊಂಡರೆ ಹಿಂದಿರುಗಿಸುವುದೂ ಕಷ್ಟ.

ಲ್ಯಾಟೆಕ್ಸ್ ಒಳ್ಳೆಯ, ಬಾಳಿಕೆ ಬರುವ ವಸ್ತು. ಆದರೆ ಅದು ಔಷಧವಲ್ಲ, ಎಲ್ಲ ರೋಗಿಗಳಿಗೂ ಹೊಂದುವಂಥದ್ದೂ ಅಲ್ಲ. ಮಾತ್ರೆ ಕೊಳ್ಳುವಾಗ ಕೇಳುವ ಮೂರು ಪ್ರಶ್ನೆಗಳನ್ನೇ ಇಲ್ಲೂ ಕೇಳಿ: ಒಳಗೆ ಏನಿದೆ? ಎಷ್ಟಿದೆ? ಯಾರು ಬಳಸಬಾರದು?

ಮುಖ್ಯಾಂಶಗಳು

• ಬೆನ್ನುನೋವಿಗೆ ಹಾಸಿಗೆ ಯಾವುದರಿಂದ ಮಾಡಿದ್ದು ಎನ್ನುವುದಕ್ಕಿಂತ ಅದರ ಗಟ್ಟಿತನ ಮುಖ್ಯ.
• ರಬ್ಬರ್ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಲ್ಯಾಟೆಕ್ಸ್ ಹಾಸಿಗೆ ಕೊಳ್ಳಬಾರದು.
• ಹಾಸಿಗೆ ಹಿಡಿದ ರೋಗಿಗೆ ಲ್ಯಾಟೆಕ್ಸ್ ಏರ್ ಬೆಡ್‌ಗೆ ಬದಲಿಯಲ್ಲ.
• ಪದರಗಳ ವಿವರ, ತೂಕ ಮತ್ತು ಪ್ರಮಾಣಪತ್ರ ಈ ಮೂರನ್ನೂ ನೋಡದೆ ಹಣ ಕೊಡಬೇಡಿ.
• ಬಿಸಿಲು ಮತ್ತು ಎಣ್ಣೆ ಲ್ಯಾಟೆಕ್ಸನ್ನು ಹಾಳುಮಾಡುತ್ತವೆ.

ಲ್ಯಾಟೆಕ್ಸ್ ಎಂದರೇನು?

ರಬ್ಬರ್ ಮರದ ತೊಗಟೆಗೆ ಗೀರು ಹಾಕಿದಾಗ ಒಸರುವ ಬಿಳಿ ಹಾಲೇ ನೈಸರ್ಗಿಕ ಲ್ಯಾಟೆಕ್ಸ್. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಕೇರಳದಿಂದ ಬರುತ್ತದೆ. ಸುಳ್ಯ, ಪುತ್ತೂರು ಕಡೆಯವರಿಗಂತೂ ರಬ್ಬರ್ ಹಾಲು ಹೊಸದಲ್ಲ. ಈ ಹಾಲನ್ನು ನೊರೆ ಬರುವಂತೆ ಕಡೆದು, ಅಚ್ಚಿಗೆ ಸುರಿದು, ಶಾಖ ಕೊಟ್ಟು ಗಟ್ಟಿಮಾಡುವುದು ಡನ್‌ಲಪ್ ವಿಧಾನ. ಅಚ್ಚಿನಲ್ಲಿ ಗಾಳಿಯನ್ನು ಹೀರಿ ನೊರೆಯನ್ನು ಹಿಗ್ಗಿಸಿ, ಹೆಪ್ಪುಗಟ್ಟಿಸಿ, ಆಮೇಲೆ ಶಾಖ ಕೊಡುವುದು ಟಾಲಲೇ ವಿಧಾನ. ಡನ್‌ಲಪ್ ಸ್ವಲ್ಪ ಗಟ್ಟಿ, ಟಾಲಲೇ ಸ್ವಲ್ಪ ಮೆತ್ತಗೆ. ನಮ್ಮಲ್ಲಿ ಹೆಚ್ಚು ಸಿಗುವುದು ಡನ್‌ಲಪ್. ಎರಡರಲ್ಲಿ ಯಾವುದನ್ನು ಕೊಂಡರೂ ಆರೋಗ್ಯದ ದೃಷ್ಟಿಯಿಂದ ದೊಡ್ಡ ವ್ಯತ್ಯಾಸವಿಲ್ಲ.

ಕೃತಕ ಲ್ಯಾಟೆಕ್ಸ್ ತಯಾರಾಗುವುದು ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ. ಅದರ ಹೆಸರು ಸ್ಟೈರೀನ್-ಬ್ಯುಟಡೈಯೀನ್ ರಬ್ಬರ್. ಎರಡನ್ನೂ ಬೆರೆಸಿದ ಹಾಸಿಗೆಗಳೂ ಇವೆ. ನೈಸರ್ಗಿಕ ಲ್ಯಾಟೆಕ್ಸಿಗೂ ಗಟ್ಟಿಯಾಗಲು ಗಂಧಕ, ಜಿಂಕ್ ಆಕ್ಸೈಡ್‌ನಂಥವನ್ನು ಸೇರಿಸಲೇಬೇಕು. ಹಾಗಾಗಿ ‘ನೂರಕ್ಕೆ ನೂರು ನೈಸರ್ಗಿಕ’ ಎಂದರೆ ಬಳಸಿದ ರಬ್ಬರ್ ಪೂರ್ತಿ ಮರದಿಂದ ಬಂದದ್ದು ಎಂದಷ್ಟೇ ಅರ್ಥ. ಬೇರೇನೂ ಸೇರಿಲ್ಲ ಎಂದಲ್ಲ.

ಬೆನ್ನುನೋವಿಗೆ ಎಂಥ ಹಾಸಿಗೆ?

ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೆಯದು, ಸಾಧ್ಯವಾದರೆ ನೆಲದ ಮೇಲೇ ಮಲಗಬೇಕು ಎಂಬ ನಂಬಿಕೆ ಹಳೆಯದು. ಸ್ಪೇನ್‌ನಲ್ಲಿ ನಡೆದು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಪರೀಕ್ಷಿಸಿತು. ನಿರ್ದಿಷ್ಟ ಕಾರಣ ಗೊತ್ತಾಗದ, ಬಹುಕಾಲದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟರು. 90 ದಿನಗಳ ನಂತರ, ಮಲಗಿದ್ದಾಗಿನ ನೋವು ಮತ್ತು ದಿನದ ಕೆಲಸಕ್ಕೆ ಆಗುವ ಅಡಚಣೆ ಎರಡರಲ್ಲೂ ಮಧ್ಯಮ ಗಟ್ಟಿಯ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು.

ಗಮನಿಸಿ, ಆ ಅಧ್ಯಯನ ಹೋಲಿಸಿದ್ದು ಗಟ್ಟಿತನವನ್ನು, ಲ್ಯಾಟೆಕ್ಸನ್ನಲ್ಲ. ಹಾಗಾಗಿ ನಿಮಗೆ ಹೊಂದುವ ಮಧ್ಯಮ ಗಟ್ಟಿಯ ಹಾಸಿಗೆ ಫೋಮ್‌ನದ್ದಾದರೂ ಆದೀತು, ತೆಂಗಿನ ನಾರಿನದ್ದಾದರೂ ಆದೀತು. ಲ್ಯಾಟೆಕ್ಸಿನ ಅನುಕೂಲವೆಂದರೆ ಒತ್ತಿದರೆ ತಗ್ಗಿ, ಬಿಟ್ಟ ಕೂಡಲೇ ಮೇಲೇಳುವ ಗುಣ ಮತ್ತು ಬೇಗ ಗುಂಡಿ ಬೀಳದ ಬಾಳಿಕೆ. ‘ಆರ್ಥೋಪೆಡಿಕ್’ ಎಂಬ ಪದ ಹಾಸಿಗೆಯ ಮೇಲಿದ್ದರೆ ಅದು ಮಾರಾಟದ ಪದ. ಮೂಳೆ ವೈದ್ಯರು ನಿಮ್ಮ ಬೆನ್ನನ್ನು ನೋಡಿ ಬರೆದುಕೊಟ್ಟದ್ದಲ್ಲ.

ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿ ತೀರ್ಮಾನಿಸಬೇಡಿ. ಯಾರಿಗಾಗಿ ಕೊಳ್ಳುತ್ತೀರೋ ಅವರೇ ತಾವು ಸಾಮಾನ್ಯವಾಗಿ ಮಲಗುವ ಭಂಗಿಯಲ್ಲಿ ಹತ್ತು ಹದಿನೈದು ನಿಮಿಷ ಮಲಗಲಿ. ಮಗ್ಗುಲಾಗಿ ಮಲಗಿದಾಗ ಕತ್ತಿನಿಂದ ಸೊಂಟದವರೆಗೆ ಬೆನ್ನು ನೇರವಾಗಿರಬೇಕು. ಸೊಂಟ ಕುಸಿದರೆ ಹಾಸಿಗೆ ಮೆತ್ತಗಾಯಿತು, ಭುಜ ನೋಯತೊಡಗಿದರೆ ಗಟ್ಟಿಯಾಯಿತು ಎಂದು ತಿಳಿಯಿರಿ. ಒಬ್ಬರ ತೂಕಕ್ಕೆ ಸರಿಹೋದದ್ದು ಇನ್ನೊಬ್ಬರಿಗೆ ಸರಿಹೋಗಬೇಕೆಂದಿಲ್ಲ.

ಯಾರಿಗೆ ಬೇಡ, ಯಾರು ಮೊದಲು ವೈದ್ಯರನ್ನು ಕೇಳಬೇಕು?

ರಬ್ಬರ್ ಅಲರ್ಜಿ ಇರುವವರು. ರಬ್ಬರ್ ಹಾಲಿನಲ್ಲಿರುವ ಪ್ರೋಟೀನ್ ಕೆಲವರಿಗೆ ಆಗುವುದಿಲ್ಲ. ಕೈಗವಸು ಹಾಕಿದಾಗ ಅಥವಾ ಬಲೂನ್ ಊದಿದಾಗ ತುರಿಕೆ, ದದ್ದು, ಸೀನು, ಉಬ್ಬಸ, ತುಟಿ ಊತ ಬಂದಿದ್ದರೆ ಎಚ್ಚರ ವಹಿಸಿ. ಪದೇ ಪದೇ ಶಸ್ತ್ರಚಿಕಿತ್ಸೆಗೆ ಒಳಗಾದವರು, ಹುಟ್ಟಿನಿಂದ ಬೆನ್ನುಹುರಿಯ ದೋಷವಿರುವ ಮಕ್ಕಳು, ದಿನವೂ ರಬ್ಬರ್ ಕೈಗವಸು ಹಾಕುವ ಆಸ್ಪತ್ರೆಯ ಸಿಬ್ಬಂದಿ, ಇವರಲ್ಲಿ ಈ ಅಲರ್ಜಿ ಹೆಚ್ಚು. ಬಾಳೆಹಣ್ಣು, ಕಿವಿ, ಬೆಣ್ಣೆಹಣ್ಣು ತಿಂದರೆ ಬಾಯಿ ತುರಿಸುವವರಲ್ಲೂ ಕೆಲವರಿಗೆ ಇದು ಇರುತ್ತದೆ. ಹಾಸಿಗೆಯ ಲ್ಯಾಟೆಕ್ಸನ್ನು ತೊಳೆದು, ಶಾಖ ಕೊಟ್ಟು, ಬಟ್ಟೆಯಿಂದ ಮುಚ್ಚಿರುವುದರಿಂದ ಅಪಾಯ ಕೈಗವಸಿಗಿಂತ ಕಡಿಮೆ. ಹಾಗೆಂದು ಅಪಾಯವೇ ಇಲ್ಲ ಎನ್ನಲಾಗದು. ಅಲರ್ಜಿ ಖಚಿತವಾಗಿದ್ದರೆ ಬೇರೆ ವಸ್ತುವಿನ ಹಾಸಿಗೆ ಆರಿಸಿಕೊಳ್ಳುವುದೇ ಕ್ಷೇಮ. ಅನುಮಾನವಷ್ಟೇ ಇದ್ದರೆ ಅಲರ್ಜಿ ತಜ್ಞರನ್ನು ಕಂಡು ಪರೀಕ್ಷೆ ಮಾಡಿಸಿ.

ಹಾಸಿಗೆ ಹಿಡಿದವರು. ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ಕೊನೆಯ ಹಂತದ ಕಾಯಿಲೆಗಳಲ್ಲಿ ತಾವಾಗಿ ಮಗ್ಗುಲು ಬದಲಿಸಲಾಗದವರಿಗೆ ಒತ್ತಡದ ಹುಣ್ಣು, ಅಂದರೆ ಬೆಡ್ ಸೋರ್, ದೊಡ್ಡ ಅಪಾಯ. ಲ್ಯಾಟೆಕ್ಸ್ ಒತ್ತಡವನ್ನು ಸ್ವಲ್ಪ ಹಂಚುತ್ತದೆ, ಆದರೆ ಒತ್ತಡ ಬೀಳುವ ಜಾಗವನ್ನು ಬದಲಿಸುವುದಿಲ್ಲ. ಪಂಪ್‌ನಿಂದ ಗಾಳಿ ತುಂಬಿ ಇಳಿಸುವ ಏರ್ ಬೆಡ್ ಆ ಕೆಲಸ ಮಾಡುತ್ತದೆ. ಮನೆಬಳಕೆಯ ಸಾಧಾರಣ ಏರ್ ಬೆಡ್ ಒಳ್ಳೆಯ ಲ್ಯಾಟೆಕ್ಸ್ ಹಾಸಿಗೆಗಿಂತ ಬಹಳ ಅಗ್ಗ. ಯಾವ ಹಾಸಿಗೆ ಇದ್ದರೂ ನಮ್ಮ ಆಸ್ಪತ್ರೆಗಳು ಸಾಮಾನ್ಯವಾಗಿ ಹೇಳುವಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ, ಸೊಂಟದ ಹಿಂಭಾಗ, ಪೃಷ್ಠದ ಚರ್ಮವನ್ನು ದಿನವೂ ನೋಡುವುದು ತಪ್ಪುವುದಿಲ್ಲ. ಒತ್ತಿದರೂ ಹೋಗದ ಕೆಂಪು ಅಥವಾ ಕಪ್ಪು ಕಲೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ.

ಮಗ್ಗುಲಾಗಲು ಕಷ್ಟಪಡುವವರು. ಪಾರ್ಕಿನ್ಸನ್ ಕಾಯಿಲೆ ಅಥವಾ ತೀವ್ರ ಸಂಧಿವಾತ ಇರುವವರಿಗೆ ಮೆತ್ತಗಿನ ಹಾಸಿಗೆಯಲ್ಲಿ ಹೊರಳುವುದು, ಏಳುವುದು ಇನ್ನೂ ಕಷ್ಟವಾಗುತ್ತದೆ. ಇವರಿಗೆ ಮಧ್ಯಮಕ್ಕಿಂತ ತುಸು ಗಟ್ಟಿಯಾದದ್ದು ಮೇಲು. ಕೂತಾಗ ಅಂಚು ಕುಸಿಯದೆ ನಿಲ್ಲುತ್ತದೆಯೇ ಎಂದೂ ನೋಡಿ.

ಹಸುಗೂಸುಗಳು. ಒಂದು ವರ್ಷದೊಳಗಿನ ಮಗುವನ್ನು ಸಮತಟ್ಟಾದ, ಗಟ್ಟಿ ಹಾಸಿನ ಮೇಲೆ ಬೆನ್ನಡಿಯಾಗಿ ಮಲಗಿಸಬೇಕು. ದೊಡ್ಡವರ ಮೆತ್ತನೆಯ ಹಾಸಿಗೆ ಸಲ್ಲದು.

ಗುಣಮಟ್ಟ ಗುರುತಿಸುವುದು ಹೇಗೆ?

ಪದರಗಳನ್ನು ಕೇಳಿ. ‘ಲ್ಯಾಟೆಕ್ಸ್ ಹಾಸಿಗೆ’ ಎಂದು ಮಾರುವ ಹಲವು ಹಾಸಿಗೆಗಳಲ್ಲಿ ಲ್ಯಾಟೆಕ್ಸ್ ಇರುವುದು ಮೇಲಿನ ಒಂದೆರಡು ಇಂಚು ಮಾತ್ರ. ಕೆಳಗೆ ಸಾಧಾರಣ ಫೋಮ್ ಇರುತ್ತದೆ, ಇಲ್ಲವೇ ಫೋಮ್ ಚೂರುಗಳನ್ನು ಅಂಟಿಸಿ ಒತ್ತಿದ ರೀಬಾಂಡೆಡ್ ಫೋಮ್ ಇರುತ್ತದೆ. ಇದು ತಪ್ಪಲ್ಲ, ಬೆಲೆ ಅದಕ್ಕೆ ತಕ್ಕಂತಿರಬೇಕು ಅಷ್ಟೆ. ಯಾವ ಪದರ ಎಷ್ಟು ಇಂಚು ಎಂದು ಕೇಳಿ. ಕವರ್‌ಗೆ ಜಿಪ್ ಇದ್ದರೆ ತೆರೆಸಿ ನೋಡಿ. ಲ್ಯಾಟೆಕ್ಸ್ ಕೆನೆಬಣ್ಣದ್ದು, ಉದ್ದಕ್ಕೂ ಸಣ್ಣ ಗುಂಡು ರಂಧ್ರಗಳಿರುತ್ತವೆ. ಬಣ್ಣಬಣ್ಣದ ಚೂರುಗಳು ಕಂಡರೆ ಅದು ರೀಬಾಂಡೆಡ್.

ತೂಕ ನೋಡಿ. ನೈಸರ್ಗಿಕ ಡನ್‌ಲಪ್ ಲ್ಯಾಟೆಕ್ಸಿನ ಸಾಂದ್ರತೆ ಸಾಮಾನ್ಯವಾಗಿ ಒಂದು ಘನ ಮೀಟರ್‌ಗೆ 65ರಿಂದ 95 ಕಿಲೋ. 72 ಇಂಚು ಉದ್ದ, 36 ಇಂಚು ಅಗಲ, 6 ಇಂಚು ದಪ್ಪದ ಪೂರ್ತಿ ಲ್ಯಾಟೆಕ್ಸ್ ಹಾಸಿಗೆ ಹಾಗಾಗಿ ಸುಮಾರು 16ರಿಂದ 24 ಕಿಲೋ ತೂಗಬೇಕು. ಅದೇ ಅಳತೆಯ ಸಾಧಾರಣ ಫೋಮ್ ಹಾಸಿಗೆ 8ರಿಂದ 10 ಕಿಲೋ ತೂಗಬಹುದು. ಪೂರ್ತಿ ಲ್ಯಾಟೆಕ್ಸ್ ಎಂದು ಹೇಳಿದ ಈ ಅಳತೆಯ ಹಾಸಿಗೆಯನ್ನು ಒಬ್ಬರೇ ಸಲೀಸಾಗಿ ಎತ್ತಿ ಹೆಗಲಿಗೆ ಹಾಕಿಕೊಂಡರೆ ಅನುಮಾನಿಸಿ. ಆದರೆ ಭಾರವಿದ್ದ ಮಾತ್ರಕ್ಕೆ ಅಸಲಿ ಎಂದಲ್ಲ. ರೀಬಾಂಡೆಡ್ ಫೋಮ್ ಕೂಡ ಭಾರ. ಸೀಮೆಸುಣ್ಣದಂಥ ಪುಡಿ ಬೆರೆಸಿ ತೂಕ ಹೆಚ್ಚಿಸುವುದೂ ಉಂಟು. ಬೆರಳಿನಿಂದ ಉಜ್ಜಿದಾಗ ಪುಡಿ ಉದುರುವ ಹಾಸಿಗೆ ಬೇಡ.

ಪ್ರಮಾಣಪತ್ರ ಓದಿ. ಗೋಲ್ಸ್ ಎಂದು ಕರೆಯುವ ಜಾಗತಿಕ ಸಾವಯವ ಲ್ಯಾಟೆಕ್ಸ್ ಮಾನದಂಡ ಸಾವಯವವಾಗಿ ಬೆಳೆದ ರಬ್ಬರ್‌ಗೆ ಸಂಬಂಧಿಸಿದ್ದು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಹಾನಿಕರ ರಾಸಾಯನಿಕಗಳ ಮಿತಿಯನ್ನು ಪರೀಕ್ಷಿಸುತ್ತದೆ. ಎರಡನೆಯದು ಕೃತಕ ಲ್ಯಾಟೆಕ್ಸಿಗೂ ಸಿಗಬಹುದು, ಅದು ‘ನೈಸರ್ಗಿಕ’ ಎನ್ನುವುದಕ್ಕೆ ಸಾಕ್ಷಿಯಲ್ಲ. ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ, ಯಾವ ಭಾಗಕ್ಕೆ ಸಿಕ್ಕಿದೆ, ಅವಧಿ ಮುಗಿದಿದೆಯೇ ನೋಡಿ. ಹೊರಗಿನ ಬಟ್ಟೆಗೆ ಮಾತ್ರ ಸಿಕ್ಕ ಪ್ರಮಾಣಪತ್ರವನ್ನು ಇಡೀ ಹಾಸಿಗೆಯದ್ದು ಎಂದು ತೋರಿಸುವ ಸಾಧ್ಯತೆ ಇದೆ. ಇವುಗಳಲ್ಲಿ ಯಾವುದೂ ‘ಬೆನ್ನುನೋವಿಗೆ ಪರಿಹಾರ’ ಎಂದು ಹೇಳುವುದಿಲ್ಲ.

ಹೊಸ ಲ್ಯಾಟೆಕ್ಸಿಗೆ ಸ್ವಲ್ಪ ರಬ್ಬರ್ ವಾಸನೆ ಸಹಜ. ಗಾಳಿಯಾಡುವ ಕೋಣೆಯಲ್ಲಿ ಕೆಲವು ದಿನ ಇಟ್ಟರೆ ಕಡಿಮೆಯಾಗುತ್ತದೆ. ಮನೆಯಲ್ಲಿ ಅಸ್ತಮಾ ರೋಗಿ ಇದ್ದರೆ ವಾಸನೆ ಹೋಗುವವರೆಗೆ ಅವರನ್ನು ಅದರ ಮೇಲೆ ಮಲಗಿಸಬೇಡಿ.

ಮಂಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಹಾಸಿಗೆ ದಪ್ಪವಾದಷ್ಟೂ ಮಂಚ ಎತ್ತರವಾಗುತ್ತದೆ. ಅಂಚಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿ, ಮಂಡಿ ಸುಮಾರು ನೇರ ಕೋನದಲ್ಲಿರಬೇಕು. ಕಾಲು ತೇಲುತ್ತಿದ್ದರೆ ವಯಸ್ಸಾದವರು ರಾತ್ರಿ ಶೌಚಕ್ಕೆ ಏಳುವಾಗ ಬೀಳುವ ಅಪಾಯ ಹೆಚ್ಚು. ಸೊಂಟದ ಕೀಲು ಬದಲಿಸಿಕೊಂಡವರಿಗೆ ಮಂಚ ತೀರಾ ತಗ್ಗಾಗಿಯೂ ಇರಬಾರದು. ಕೊಳ್ಳುವ ಮೊದಲು ಮಂಚದ ಎತ್ತರಕ್ಕೆ ಹಾಸಿಗೆಯ ದಪ್ಪ ಕೂಡಿಸಿ ನೋಡಿ.

ಮುಂಬೈ, ಚೆನ್ನೈಯಂಥ ತೇವದ ಊರುಗಳಲ್ಲಿ, ಕೆಳಗೆ ಸಾಮಾನು ತುಂಬುವ ಪ್ಲೈವುಡ್ ಮಂಚದ ಮೇಲೆ ಹಾಸಿಗೆಯ ಅಡಿ ಬೂಷ್ಟು ಹಿಡಿಯಬಹುದು. ಪಟ್ಟಿಗಳ ನಡುವೆ ಸಂದು ಇರುವ ಮಂಚ ಒಳ್ಳೆಯದು. ಸಂದು ಮೂರು ಇಂಚಿಗಿಂತ ಹೆಚ್ಚಿರದಿರಲಿ. ಇಲ್ಲದಿದ್ದರೆ ವಾರಕ್ಕೊಮ್ಮೆ ಹಾಸಿಗೆಯನ್ನು ಒಂದು ಬದಿಯಿಂದ ಎತ್ತಿ ಗಾಳಿಯಾಡಲು ಬಿಡಿ. ಭಾರ ಹೆಚ್ಚಾದ್ದರಿಂದ ಇದಕ್ಕೆ ಇಬ್ಬರು ಬೇಕು. ಆರೈಕೆ ಮಾಡುವವರು ಒಬ್ಬರೇ ಇರುವ ಮನೆಗೆ ಇದೂ ಯೋಚಿಸಬೇಕಾದ ವಿಷಯ.

ಆರೈಕೆ: ಬಿಸಿಲು, ಎಣ್ಣೆ, ನೀರು

ಬಿಸಿಲಿಗೆ ಹಾಕಬೇಡಿ. ಹತ್ತಿ ಹಾಸಿಗೆಯನ್ನು ತಾರಸಿಯ ಮೇಲೆ ಬಿಸಿಲಿಗೆ ಹಾಕುವ ಅಭ್ಯಾಸ ನಮ್ಮದು. ಲ್ಯಾಟೆಕ್ಸಿಗೆ ಅದು ಶತ್ರು. ಬಿಸಿಲಿಗೆ ರಬ್ಬರ್ ಒಣಗಿ, ಬಿರುಕುಬಿಟ್ಟು, ಪುಡಿಯಾಗುತ್ತದೆ. ನೆರಳಲ್ಲಿ ಗಾಳಿಗೆ ಇಡಿ.

ಎಣ್ಣೆ ತಾಗಿಸಬೇಡಿ. ಕೊಬ್ಬರಿ ಎಣ್ಣೆ, ನೋವಿನ ತೈಲಗಳು, ಪೆಟ್ರೋಲಿಯಂ ಜೆಲ್ಲಿ, ಪ್ಯಾರಾಫಿನ್ ಇರುವ ಮುಲಾಮುಗಳು ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಸಡಿಲಗೊಳಿಸುತ್ತವೆ. ಎಣ್ಣೆ ತಿಕ್ಕಿಸಿಕೊಳ್ಳುವುದಿದ್ದರೆ ಬೇರೆ ಚಾಪೆ ಬಳಸಿ, ಒರೆಸಿದ ಮೇಲೆ ಮಲಗಿ. ಇಂಥ ಮುಲಾಮು ಹೀರಿಕೊಂಡ ಹೊದಿಕೆ, ಹಾಸುಬಟ್ಟೆಗಳಿಗೆ ಬೆಂಕಿಯೂ ಬೇಗ ಹತ್ತುತ್ತದೆ. ಆಗಾಗ ಒಗೆಯಿರಿ, ಹಾಸಿಗೆಯ ಮೇಲೆ ಬೀಡಿ, ಸಿಗರೇಟು ಬೇಡವೇ ಬೇಡ.

ನೀರಿನಿಂದ ಕಾಪಾಡಿ. ಲ್ಯಾಟೆಕ್ಸ್ ಮೂತ್ರ, ಬೆವರು ಹೀರಿದರೆ ತೊಳೆದು ಒಣಗಿಸುವುದು ಬಹಳ ಕಷ್ಟ. ಮೂತ್ರ ನಿಯಂತ್ರಣವಿಲ್ಲದವರಿಗೆ ನೀರು ಒಳಗಿಳಿಯದ, ಒಗೆಯಬಹುದಾದ ಕವರ್ ಮೊದಲ ದಿನದಿಂದಲೇ ಹಾಕಿ.

ಧೂಳಿನ ಹುಳು. ಲ್ಯಾಟೆಕ್ಸ್‌ನಲ್ಲಿ ಇವು ಇರುವುದೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಹೊದಿಕೆ, ದಿಂಬು, ಹಾಸುಬಟ್ಟೆಯಲ್ಲಿ ಅವು ಬೆಳೆಯುತ್ತವೆ. ಅಸ್ತಮಾ, ಮೂಗಿನ ಅಲರ್ಜಿ ಇರುವವರ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಒಗೆಯಿರಿ.

ಬಿಲ್ ಮತ್ತು ವಾರಂಟಿ

ಹಣ ಕೊಡುವ ಮೊದಲು ಇವನ್ನು ಕೇಳಿ:

• ಪದರಗಳ ವಿವರ ಮತ್ತು ಲ್ಯಾಟೆಕ್ಸಿನ ಪ್ರಮಾಣವನ್ನು ಬಿಲ್‌ನಲ್ಲಿ ಬರೆದುಕೊಡುತ್ತೀರಾ?
• ಎಷ್ಟು ಗುಂಡಿ ಬಿದ್ದರೆ ವಾರಂಟಿ ಅನ್ವಯಿಸುತ್ತದೆ? ಅರ್ಧ ಇಂಚೋ, ಒಂದೂವರೆ ಇಂಚೋ?
• ಕಲೆಯಾದರೆ ವಾರಂಟಿ ಹೋಗುತ್ತದೆಯೇ?
• ಮನೆಯಲ್ಲಿ ಬಳಸಿ ಹಿಂದಿರುಗಿಸುವ ಅವಧಿ ಎಷ್ಟು? ಸಾಗಣೆ ಖರ್ಚು ಯಾರದು?

ಹೇಳಿದ್ದೊಂದು, ಕೊಟ್ಟದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನೀವು ಯಾವ ರಾಜ್ಯದಲ್ಲಿದ್ದರೂ ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಹಾಸಿಗೆ ಬದಲಿಸುವುದಕ್ಕಲ್ಲ, ವೈದ್ಯರ ಬಳಿಗೆ ಹೋಗಬೇಕಾದ ಲಕ್ಷಣಗಳು

ಬೆನ್ನುನೋವಿನ ಜೊತೆ ಕಾಲಿನಲ್ಲಿ ಬಲ ಕುಗ್ಗಿದರೆ, ತೊಡೆಸಂದು ಅಥವಾ ಗುದದ ಸುತ್ತ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ನಂತರ ಶುರುವಾದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು, ಮಲಗಿದರೂ ತಗ್ಗದ ರಾತ್ರಿಯ ನೋವು, ಇವನ್ನೂ ಬೇಗ ತೋರಿಸಬೇಕು. ಇವುಗಳಿಗೆ ಹಾಸಿಗೆಯಲ್ಲಿ ಉತ್ತರವಿಲ್ಲ, ಅಂಗಡಿ ಸುತ್ತುತ್ತಾ ಕಳೆದ ದಿನಗಳು ನಷ್ಟವೇ. ಉಳಿದವರು, ಈಗಿರುವ ಹಾಸಿಗೆ ಗುಂಡಿ ಬಿದ್ದಿಲ್ಲದಿದ್ದರೆ, ಹಣ ಖರ್ಚು ಮಾಡುವ ಮೊದಲು ಒಮ್ಮೆ ನಿಮ್ಮ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ನಿಮ್ಮ ವೈದ್ಯರ ಸಲಹೆಗೆ ಇದು ಬದಲಿಯಲ್ಲ.